ಒಣಗುವ ಪದರಗಳು

ಹಲ್ಲುಜ್ಜುವಾಗ ಇವತ್ತು ಹೇಳಿಯೇಬಿಡುತ್ತೇನೆ ಎಂಬ ಧೈರ್ಯ ಅವನಿಗೆ ಬಂದಿತ್ತು. ಬಾಯಿ ಮುಕ್ಕಳಿಸುವ ಹೊತ್ತಿಗೆ ಅದು ನೊರೆಯ ಜೊತೆ ಹೋಗಿಬಿಟ್ಟಿತು. ಒಂದು ವಾರದಿಂದ ಹೀಗೇ ನಡೆಯುತ್ತಿತ್ತು. ಹಳೆಯ ಶಿಷ್ಯೆಗೆ ಹೇಳಬೇಕಾದ ಮಾತು ದೊಡ್ಡದೇನಲ್ಲ. ಕ್ವಾಂಟಂನವರು ನಿನ್ನನ್ನು ಕರೆಯುತ್ತಿದ್ದಾರಮ್ಮ, ಹೊಸ ಕಟ್ಟಡದಲ್ಲಿ ಲ್ಯಾಬ್ ಕೊಡುತ್ತಾರಂತೆ, ಯೋಚನೆ ಮಾಡು. ಇಷ್ಟು ಹೇಳುವುದಕ್ಕೆ ಭೌತಶಾಸ್ತ್ರದ ಪ್ರೊಫೆಸರ್ ಆಗಬೇಕಾಗಿಲ್ಲ, ಬಾಯಿದ್ದರೆ ಸಾಕು. ಕನ್ನಡಿಯ ಮುಂದೆ ಅದನ್ನು ಅವನು ಬಗೆಬಗೆಯಾಗಿ ಹೇಳಿ ನೋಡಿದ್ದ. ಉದಾರಿಯಾಗಿ, ಏನೂ ಅಲ್ಲವೆಂಬಂತೆ, ಬೆನ್ನು ತಟ್ಟುವ ಹಿರಿಯನಂತೆ, ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡು. ಕಣ್ಣೀರಿನದು ಬಹಳ ಚೆನ್ನಾಗಿ ಬಂದಿತ್ತು. ಆದರೆ ಹೇಳಿದ ಮರುಕ್ಷಣ ಅವಳು ಹೋಗುತ್ತಾಳೆ, ಅವಳು ಹೋದರೆ ತನ್ನ ಸಂಶೋಧನೆಯ ಏರಿಯಾ ಹೋಗುತ್ತದೆ, ಏರಿಯಾ ಹೋದ ಮೇಲೆ ತಾನು ಯಾರು? ಕನ್ನಡಿಯೊಳಗಿನ ಮುಖಕ್ಕೂ ಅದು ಗೊತ್ತಿದ್ದಂತೆ ಕಾಣಲಿಲ್ಲ. ಮುಖ ಒರೆಸಿಕೊಂಡು ಹೊರಗೆ ಬಂದ.

ಹೆಂಡತಿ ನಿಂತುಕೊಂಡೇ ಚಹಾ ಕುಡಿಯುತ್ತಿದ್ದಳು. ಅವಳು ದಂತವೈದ್ಯೆ. ಬೆಳಗಿನ ಮೊದಲ ರೋಗಿ ಬರುವ ಮೊದಲು ಕುರ್ಚಿಯಲ್ಲಿ ಕೂರುವುದು ಅವಳಿಗೆ ಆಗಿಬರುತ್ತಿರಲಿಲ್ಲ.

'ಇವತ್ತೇ ಅಲ್ವಾ ನಿಮ್ಮ ಮೀಟಿಂಗು?'

'ಹ್ಞೂಂ. ಮಧ್ಯಾಹ್ನ.'

'ಆ ಹುಡುಗಿಗೆ ಹೇಳಿದ್ರಾ?'

'ಹೇಳ್ತೀನಿ ಬಿಡೆ.'

'ಹೋದ ವಾರಾನೂ ಹೇಳ್ತೀನಿ ಅಂದಿದ್ರಿ. ಹಲ್ಲುನೋವಿನವರೂ ಹೀಗೇ, ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂತಾರೆ. ಕೊನೆಗೆ ಕೀಳಿಸ್ಕೊಂಡೇ ಹೋಗೋದು.' ಲೋಟ ತೊಳೆದಿಟ್ಟು ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಸೇರಿಸಿದಳು. 'ನಾನು ಹಲ್ಲಲ್ಲಿ ಬಿರುಕು ಕಂಡ್ರೆ ಮುಚ್ತೀನಿ. ನೀವು ಅದನ್ನ ನೋಡ್ತಾ ಕೂರ್ತೀರಿ. ಅಷ್ಟೇ ನೋಡಿ ನಮಗಿಬ್ಬರಿಗೂ ವ್ಯತ್ಯಾಸ.'

ಮಾತು ಹೊಸದಲ್ಲ, ಮದುವೆಯಾದಾಗಿನಿಂದ ಅವನು ಕೇಳುತ್ತ ಬಂದದ್ದು. ಆದರೂ ಇವತ್ತು ಅದು ಎಲ್ಲಿಗೋ ತಾಗಿತು. ಅವನ ಕಸುಬೇ ಬಿರುಕು ನೋಡುವುದಾಗಿತ್ತು. ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಅದು ಒಣಗಿ ಬಿರಿಯುವವರೆಗೆ ಕಾದು ಕೂತು, ಮೊದಲ ಬಿರುಕು ಎಲ್ಲಿ ಹುಟ್ಟಿತು, ಎತ್ತ ತಿರುಗಿತು, ಇನ್ನೊಂದು ಬಿರುಕಿನ ಹತ್ತಿರ ಬಂದಾಗ ಯಾಕೆ ನೇರವಾಗಿ ಹೋಗಿ ಅದಕ್ಕೆ ಹಣೆ ಹಚ್ಚಿತು ಎಂದು ಅಳೆಯುವುದು. ಬಣ್ಣ, ಅಂಟು, ಕೆಸರು, ಒಣಗುವ ಯಾವುದಾದರೂ ಸರಿ. ಭಾವಮೈದುನ ಹೊಸ ಮನೆ ಕಟ್ಟಿಸಿ ನೆಂಟರನ್ನೆಲ್ಲ ಕರೆದಿದ್ದಾಗ ಊಟದ ನಡುವೆ ಇವನ ಕೈ ಹಿಡಿದು ಎಬ್ಬಿಸಿ, 'ಭಾವ, ನೀವು ಈ ಸಬ್ಜೆಕ್ಟಿನವರಲ್ವಾ, ಸ್ವಲ್ಪ ನೋಡಿ' ಎಂದು ಗೋಡೆಯ ಮುಂದೆ ನಿಲ್ಲಿಸಿದ್ದ. ಒಳ್ಳೆಯ ಬಿರುಕು. ಕಿಟಕಿಯ ಮೂಲೆಯಲ್ಲಿ ಹುಟ್ಟಿ ಸೂರಿನವರೆಗೂ ಏರಿತ್ತು. ಅದು ಎಲ್ಲಿಂದ ಶುರುವಾಯಿತು, ಯಾವ ಕಡೆ ಎಷ್ಟು ಎಳೆತವಿತ್ತು ಎಂದು ಅವನು ಕೈ ಒಣಗುವವರೆಗೂ ವಿವರಿಸಿದ. ಎಲ್ಲರೂ ತಲೆದೂಗಿದರು. 'ಸರಿ ಭಾವ, ಮುಚ್ಚೋದು ಹೇಗೆ?' ಎಂದು ಭಾವಮೈದುನ ಕೇಳಿದ. 'ಅದು ನನಗೆ ಗೊತ್ತಿಲ್ಲ' ಎಂದ. ಅತ್ತೆ ತಟ್ಟೆ ನೋಡುತ್ತ ತಮ್ಮಷ್ಟಕ್ಕೆ ಹೇಳಿಕೊಂಡಂತೆ, 'ಇದಕ್ಕೆ ಸಂಬಳ ಬೇರೆ ಕೊಡ್ತಾರಾ?' ಎಂದಿದ್ದರು. ಆಗ ಎಲ್ಲರ ಜೊತೆ ಅವನೂ ನಕ್ಕಿದ್ದ. ಈಗ ಬಸ್‌ಸ್ಟಾಪಿನಲ್ಲಿ ನಿಂತು ಆ ನಗುವನ್ನು ನೆನೆದು ಕಿವಿ ಬಿಸಿಯಾಯಿತು.

ಭೌತಶಾಸ್ತ್ರ ವಿಭಾಗದಲ್ಲಿ ಮನುಷ್ಯರಿಗಿಂತ ಏರಿಯಾಗಳಿಗೆ ಹೆಚ್ಚು ಬೆಲೆ. ಹೊಸಬರು ಬಂದರೆ ಹೆಸರು ಕೇಳುವ ಮೊದಲು ಯಾವ ಏರಿಯಾ ಎಂದು ಕೇಳುತ್ತಿದ್ದರು. ಉತ್ತರ ಬಂದ ಮೇಲೆ ಕುರ್ಚಿ ಕೊಡುವುದೋ ಸ್ಟೂಲು ಕೊಡುವುದೋ ತೀರ್ಮಾನವಾಗುತ್ತಿತ್ತು. ಎಲ್ಲರಿಗೂ ಮೇಲೆ ಕಣದವರು. ಕಣ್ಣಿಗೆ ಕಾಣದ್ದನ್ನು ಹುಡುಕುವ ಗುಂಗಿನಲ್ಲಿ ಅವರಿಗೆ ಎದುರಿಗೆ ಬಂದವರು ಕಾಣುತ್ತಿರಲಿಲ್ಲ. ಅವರ ನಂತರ ಆಕಾಶದವರು. ಅವರ ಹಿರಿಯನಿಗೆ ಧೂಮಕೇತು ಎಂದೇ ಹೆಸರು ಬಿದ್ದಿತ್ತು, ಯಾಕೆಂದರೆ ಆತ ವಿಭಾಗದಲ್ಲಿ ಕಾಣಿಸಿಕೊಳ್ಳುತ್ತಿದ್ದುದೇ ಅಪರೂಪ, ಕಾಣಿಸಿಕೊಂಡಾಗ ಹಿಂದೆ ವಿದ್ಯಾರ್ಥಿಗಳ ಉದ್ದ ಬಾಲ. ಮೂರನೆಯವರು ಕ್ವಾಂಟಂನವರು, ಇತ್ತೀಚೆಗೆ ಮೇಲೆ ಬಂದವರು, ಬಂದವರೇ ಗಾಜಿನ ಕಟ್ಟಡ ಕಟ್ಟಿಸಿಕೊಂಡು ಉಳಿದವರ ಹೊಟ್ಟೆ ಉರಿಸಿದವರು. ಇವರೆಲ್ಲರ ಕೆಳಗೆ, ಅಕ್ಷರಶಃ ಕೆಳಗೆ, ನೆಲಮಹಡಿಯಲ್ಲಿ ಶೌಚಾಲಯಕ್ಕೆ ಹೊಂದಿಕೊಂಡ ಕೋಣೆಯಲ್ಲಿ, 'ಒಣಗುವ ಪದರಗಳು'. ಈ ಏರಿಯಾದಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಈಗ ಅಧ್ಯಾಪಕಿಯಾಗಿರುವ ಅವನ ಹಳೆಯ ಶಿಷ್ಯೆ. ಅವನನ್ನು ಬೆನ್ನ ಹಿಂದೆ ಬಿರುಕು ಎನ್ನುತ್ತಿದ್ದರು. ಧೂಮಕೇತು ಒಬ್ಬ ಮಾತ್ರ ಎದುರಿಗೇ ಅನ್ನುತ್ತಿದ್ದ. ಒಮ್ಮೆ ಆಕಾಶದವರು ತಮ್ಮ ವೆಬ್‌ಪುಟಕ್ಕೆ ಚಿತ್ರ ಸಾಲದೆ ಇವನ ಒಂದು ತಟ್ಟೆಯ ಫೋಟೋ ಹಾಕಿಕೊಂಡು ಕೆಳಗೆ 'ಗ್ರಹವೊಂದರ ಮೇಲ್ಮೈ' ಎಂದು ಬರೆದಿದ್ದರು. ಅದನ್ನು ನೋಡಿ ಬಂದವರೆಲ್ಲ ಆಹಾ ಎಂದರು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಹೆಮ್ಮೆ. ತನ್ನ ಕೆಸರು ಕಡೆಗೂ ಆಕಾಶಕ್ಕೆ ಏರಿತಲ್ಲ ಎಂದು ಆ ಪುಟವನ್ನು ಹೆಂಡತಿಗೂ ತೋರಿಸಿದ್ದ.

ಈಗ ಮುಖ್ಯಸ್ಥರು ಏರಿಯಾಗಳನ್ನು ಕಡಿಮೆ ಮಾಡಲು ಹೊರಟಿದ್ದರು. ಕನಿಷ್ಠ ಇಬ್ಬರು ಅಧ್ಯಾಪಕರಿಲ್ಲದ ಏರಿಯಾ ಇನ್ನು ಮುಂದೆ ಏರಿಯಾ ಅಲ್ಲ. ಅದರಲ್ಲಿ ಉಳಿದವರನ್ನು 'ಇತರೆ' ಎಂಬ ತಲೆಬರಹದ ಕೆಳಗೆ ಹಾಕಲಾಗುತ್ತದೆ. ಇತರೆಯವರಿಗೆ ಹೊಸ ಸಂಶೋಧನಾ ವಿದ್ಯಾರ್ಥಿಗಳಿಲ್ಲ, ಪ್ರತ್ಯೇಕ ಪ್ರಯೋಗಾಲಯವೂ ಇಲ್ಲ. ನೆಲಮಹಡಿಯ ಕೋಣೆಯಲ್ಲಿ ಕ್ವಾಂಟಂನವರ ಪಂಪುಗಳು ಬಂದು ಕೂರುತ್ತವೆ. ಹೋದ ವಾರ ಕುಡಿಯುವ ನೀರಿನ ನಲ್ಲಿಯ ಹತ್ತಿರ ಮುಖ್ಯಸ್ಥರು ಅವನನ್ನು ತಡೆದು, 'ನಿಮ್ಮ ಹುಡುಗಿ ಕ್ವಾಂಟಂನವರಿಗೆ ಬೇಕಂತೆ. ನೀವೇ ಒಂದು ಮಾತು ಹೇಳಿಬಿಡಿ, ನಿಮ್ಮ ಏರಿಯಾದವಳಲ್ವಾ' ಎಂದಿದ್ದರು. ಇದು ವಿಭಾಗದ ರೂಢಿ. ಒಂದು ಏರಿಯಾದವರನ್ನು ಇನ್ನೊಂದು ಏರಿಯಾದವರು ನೇರವಾಗಿ ಕರೆಯುವಂತಿರಲಿಲ್ಲ, ಆ ಏರಿಯಾದ ಹಿರಿಯರ ಬಾಯಿಂದಲೇ ಬರಬೇಕು. ಜಗಳವಾಗದಿರಲಿ ಎಂದು ಯಾರೋ ಹಳಬರು ಮಾಡಿಟ್ಟ ಮರ್ಯಾದೆ. ಆ ಮರ್ಯಾದೆಯನ್ನು ಅವನು ವಾರವಿಡೀ ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದ.

ಶಿಷ್ಯೆ ಅವನಿಗಿಂತ ಮೊದಲೇ ಕೋಣೆಗೆ ಬಂದಿದ್ದಳು. ಅವಳಿಗೀಗ ಶಾಲೆಗೆ ಹೋಗುವ ಮಗಳಿದ್ದಾಳೆ, ಕಿವಿಯ ಹತ್ತಿರ ಒಂದೆರಡು ಬೆಳ್ಳಿಕೂದಲಿವೆ, ಆದರೂ ಅವನ ಮನಸ್ಸಿನಲ್ಲಿ ಅವಳು ಹುಡುಗಿಯೇ. ತಟ್ಟೆಗೆ ಮಣ್ಣು ಹರಡುವುದನ್ನು ಕಲಿಯಲು ಬಂದವಳು ಮೊದಲನೆಯ ವರ್ಷವೇ ಒಂದು ತಪ್ಪು ಮಾಡಿದ್ದಳು, ಅವಳು ಹರಡಿದ ಪದರ ಒಣಗಿತು, ಬಿರಿಯಲೇ ಇಲ್ಲ. ನೀರಿಗೆ ಏನು ಸೇರಿಸಿದಳೋ, ಹೇಗೆ ಆರಿಸಿದಳೋ, ಎಷ್ಟು ದಿನ ಕಾದರೂ ತಟ್ಟೆ ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಖುಷಿಯಿಂದ ಅವನ ಮೇಜಿಗೆ ತಂದಿದ್ದಳು. ಅವನು ಕನ್ನಡಕ ಹಣೆಗೇರಿಸಿ ನೋಡಿ, 'ಬಿರುಕು ಬಿಡದೆ ಇರೋದ್ರಲ್ಲಿ ನೋಡೋಕೆ ಏನಿದೆಯಮ್ಮ?' ಎಂದಿದ್ದ. ಅವಳ ಮುಖ ಸಣ್ಣದಾದದ್ದು ಅವನಿಗೆ ಈಗ ಕಾಣುತ್ತದೆ, ಆಗ ಕಂಡಿರಲಿಲ್ಲ. ಕ್ವಾಂಟಂನವರಿಗೆ ಬೇಕಾಗಿರುವುದು ಅದೇ. ಅವರ ಯಂತ್ರದೊಳಗೆ ಕೂರಿಸಲು ಬಿರುಕೇ ಇಲ್ಲದ ತೆಳುಪದರ, ಅದನ್ನು ಮಾಡಲು ಬರುವುದು ಈ ಹುಡುಗಿಗೊಬ್ಬಳಿಗೇ ಎಂದು ಅವರಿಗೆ ಗೊತ್ತಾಗಿಬಿಟ್ಟಿದೆ. ತನಗೆ ಯಾಕೆ ಗೊತ್ತಾಗಲಿಲ್ಲ ಎಂದು ಅವನು ಕೇಳಿಕೊಳ್ಳಲಿಲ್ಲ. ಕೋಟು ಮೊಳೆಗೆ ತೂಗುಹಾಕಿ, ತೋಳು ಮಡಚಿ, ಮಣ್ಣಿನ ಡಬ್ಬಿಯ ಮುಚ್ಚಳ ತೆಗೆದ.

'ಸರ್, ನಿನ್ನೆ ತಟ್ಟೇನೇ ಇನ್ನೂ ಅಳೆದಿಲ್ಲ. ಮತ್ತೊಂದು ಯಾಕೆ?'

'ನಿನ್ನೆದು ಸರಿ ಬರಲಿಲ್ಲ.'

'ಮೊನ್ನೆದು?'

'ಅದೂ ಅಷ್ಟಕ್ಕಷ್ಟೇ.'

ಆ ಕೋಣೆಯಲ್ಲಿ ಅವನೇ ಮಾಡಿದ ಒಂದು ಕಾನೂನಿತ್ತು. ತಟ್ಟೆ ಒಣಗುತ್ತಿರುವಾಗ ಮಾತಾಡಬಾರದು. ಬಾಯಿ ತೆರೆದರೆ ಉಸಿರಿನ ತೇವ ಹೋಗಿ ಪದರಕ್ಕೆ ತಾಗುತ್ತದೆ, ಬಿರುಕು ದಾರಿ ತಪ್ಪುತ್ತದೆ. ವಿದ್ಯಾರ್ಥಿಗಳು ಇದನ್ನು ಕ್ಯಾಂಟೀನಿನಲ್ಲಿ ನಟಿಸಿ ತೋರಿಸಿ ನಗಾಡುತ್ತಿದ್ದರು, ಆದರೆ ಕಾನೂನು ಸುಳ್ಳಲ್ಲ, ಅವನು ಅದನ್ನು ಅಳೆದು ಪ್ರಕಟಿಸಿದ್ದ. ಈ ವಾರ ಮಾತ್ರ ಅದು ಬೇರೆ ಕೆಲಸಕ್ಕೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹೇಳೋಣವೆಂದು ಬಂದವನು, ಮೊದಲು ಒಂದು ತಟ್ಟೆ ಹಾಕಿಬಿಡೋಣ, ಒಣಗಿದ ಮೇಲೆ ಹೇಳಿದರಾಯಿತು ಎಂದು ಮಣ್ಣು ಕಲಸಿದ. ತಟ್ಟೆ ಒಣಗುವ ಹೊತ್ತಿಗೆ ಸಂಜೆಯಾಗಿ ಅವಳು ಮಗಳನ್ನು ಕರೆದುಕೊಂಡು ಬರಲು ಹೊರಟಿದ್ದಳು. ಮರುದಿನ ಬಂದವನೇ ಇನ್ನೊಂದು ತಟ್ಟೆ. ಹೀಗೆ ಆ ಕೋಣೆಯಲ್ಲಿ ವಾರವಿಡೀ ಏನಾದರೂ ಒಣಗುತ್ತಲೇ ಇತ್ತು, ಅವನು ವಿಜ್ಞಾನಕ್ಕಾಗಿ ಸುಮ್ಮನಿದ್ದ. ಇಷ್ಟು ಶ್ರದ್ಧೆಯಿಂದ ಅವನು ಕೆಲಸ ಮಾಡಿ ಎಷ್ಟೋ ವರ್ಷಗಳಾಗಿದ್ದವು.

ತಟ್ಟೆಯನ್ನು ಗಾಜಿನ ಪೆಟ್ಟಿಗೆಯೊಳಗೆ ಮಟ್ಟಸವಾಗಿ ಕೂರಿಸಿ ಅವನು ಬೆನ್ನು ನೆಟ್ಟಗೆ ಮಾಡಿದಾಗ ಅವಳು ಪಕ್ಕದಲ್ಲೇ ನಿಂತಿದ್ದಳು.

'ಸರ್, ಏನಾದ್ರೂ ಹೇಳೋದಿತ್ತಾ?'

ಈ ಪ್ರಶ್ನೆಯನ್ನು ಅವಳು ನಿನ್ನೆಯೂ ಕೇಳಿದ್ದಳು, ಮೊನ್ನೆಯೂ ಕೇಳಿದ್ದಳು. ರಜೆ ಕೇಳುವ ಪೀಠಿಕೆಯಿರಬೇಕೆಂದು ಅವನು ಅಂದುಕೊಂಡಿದ್ದ. ಈಗ ಹೇಳಬಹುದಾಗಿತ್ತು. ಮಧ್ಯಾಹ್ನದ ಮೀಟಿಂಗಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಬಾಯಿ ಸ್ವಲ್ಪ ತೆರೆದದ್ದೂ ನಿಜ. ಆದರೆ ಅವನ ಕೈ ತಾನಾಗಿಯೇ ಜೇಬಿಗೆ ಹೋಗಿ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡಿತು. ಇನ್ನೊಂದು ಕೈಯಿಂದ ಅವನು ತಟ್ಟೆಯನ್ನು ತೋರಿಸಿದ. ಅವಳು ಒಂದು ಗಳಿಗೆ ಅವನ ಕಣ್ಣನ್ನೇ ನೋಡಿದಳು. ಆಮೇಲೆ ತಾನೂ ಕರವಸ್ತ್ರ ತೆಗೆದು ಬಾಯಿಗೆ ಹಿಡಿದುಕೊಂಡು ಸ್ಟೂಲು ಎಳೆದು ಕೂತಳು. ಇಬ್ಬರೂ ಬಾಯಿ ಮುಚ್ಚಿಕೊಂಡು ಮಧ್ಯಾಹ್ನದವರೆಗೆ ಕೆಸರನ್ನು ನೋಡಿದರು. ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯ ಜೊತೆಗೆ, ಇನ್ನೇನು ಕೆಲವು ಗಂಟೆ, ಆಮೇಲೆ ಎಲ್ಲ ಗಟ್ಟಿಯಾಗಿಬಿಡುತ್ತದೆ ಎಂಬ ಕಳ್ಳ ಸಮಾಧಾನವೂ ಇತ್ತು. ಅವಳಿಗೆ ಇಲ್ಲೇನು ಕಡಿಮೆಯಾಗಿದೆ ಎಂದು ವಾದ ಹೂಡಿದ. ಬೆಳಕಿದೆ, ನೀರಿದೆ, ಶೌಚಾಲಯ ಹತ್ತಿರವಿದೆ. ಗಾಜಿನ ಕಟ್ಟಡದಲ್ಲಿ ಬೇಸಿಗೆಯಲ್ಲಿ ಸೆಕೆ. ನಾಳೆಯೋ ನಾಡಿದ್ದೋ ನಿಧಾನವಾಗಿ ಹೇಳಿದರಾಯಿತು, ಆಗ ಅವಳೇ ನಕ್ಕು, ಅಯ್ಯೋ ಸರ್, ಹೋಗುತ್ತಿದ್ದೆನೇ ನಾನು ಎನ್ನುತ್ತಾಳೆ. ಆ ನಗುವನ್ನು ಕೂಡ ಅವನು ಅವಳ ಪರವಾಗಿ ನಕ್ಕು ನೋಡಿದ, ಕರವಸ್ತ್ರದ ಹಿಂದೆ.

ಮೀಟಿಂಗಿನ ಕೋಣೆಯಲ್ಲಿ ಉದ್ದ ಮೇಜು. ಯಾರೂ ಹೇಳದಿದ್ದರೂ ಎಲ್ಲರೂ ಏರಿಯಾ ಪ್ರಕಾರವೇ ಕೂತಿದ್ದರು, ಕಣದವರು ಕಿಟಕಿಯ ಬಳಿ, ಕ್ವಾಂಟಂನವರು ಬಿಸ್ಕತ್ತಿನ ತಟ್ಟೆಯ ಬಳಿ. ಅವನಿಗೂ ಅವಳಿಗೂ ಬಾಗಿಲ ಹತ್ತಿರದ ಕುರ್ಚಿಗಳು, ಬಂದುಹೋಗುವವರ ಮೊಣಕೈ ತಾಗುವ ಕಡೆ. ಮುಖ್ಯಸ್ಥರು ಭೌತಶಾಸ್ತ್ರ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಏರಿಯಾ ಈಗ ಮೀಟಿಂಗುಗಳೇ, ಅದರಲ್ಲಿ ಅವರು ನಿಜಕ್ಕೂ ನುರಿತವರು. ಒಂದೊಂದೇ ಏರಿಯಾದ ಹೆಸರು ತೆರೆಯ ಮೇಲೆ ಬರುತ್ತಿತ್ತು, ಅದರವರು ಕೈ ಎತ್ತುತ್ತಿದ್ದರು, ಮುಖ್ಯಸ್ಥರು ಎಣಿಸುತ್ತಿದ್ದರು. ಶಾಲೆಯ ಮಕ್ಕಳಂತೆ ಕೈ ಎತ್ತುವುದರಲ್ಲೂ ಅಂತಸ್ತಿತ್ತು. ಕಣದವರು ಬೆರಳು ಮಾತ್ರ ಎತ್ತಿದರು. ಧೂಮಕೇತು ಬಂದೇ ಇರಲಿಲ್ಲ, ಆತನ ಬಾಲದಲ್ಲೊಬ್ಬ ಎರಡೂ ಕೈ ಎತ್ತಿದ. ಅವನು ಪಕ್ಕಕ್ಕೆ ತಿರುಗಿ ನೋಡಿದ. ಅವಳು ನೀರು ಕುಡಿಯುತ್ತಿದ್ದಳು. ಇವಳಿಗೆ ಗೊತ್ತಿಲ್ಲ, ಪಾಪ, ಎಂದು ಅಂದುಕೊಂಡ. ಗೊತ್ತಿಲ್ಲದೆಯೇ ನನ್ನ ಜೊತೆ ಕೈ ಎತ್ತುತ್ತಾಳೆ. ಅವಳಿಗಾಗಿ ಅವನಿಗೆ ಕರುಳು ಚುರ್ ಎಂದಿತು. ಒಂದು ವಾರದಿಂದ ಅವಳಿಗೆ ಮೋಸ ಮಾಡುತ್ತಿರುವವನ ಕರುಳಾದ್ದರಿಂದ ಆ ಚುರ್‌ ಬಹಳ ಹೊತ್ತು ಇರಲಿಲ್ಲ.

'ಒಣಗುವ ಪದರಗಳು' ಎಂದರು ಮುಖ್ಯಸ್ಥರು.

ಅವನು ಕೈ ಎತ್ತಿದ. ಬೇಕಾದ್ದಕ್ಕಿಂತ ಎತ್ತರಕ್ಕೇ ಎತ್ತಿದ.

'ಒಬ್ಬರು. ಇನ್ನೊಬ್ಬರು?'

ಅವಳ ಎರಡು ಕೈಗಳೂ ಮೇಜಿನ ಮೇಲೆ ಇದ್ದವು. 'ನಾನು ಕ್ವಾಂಟಂಗೆ ಹೋಗ್ತಿದ್ದೀನಿ ಸರ್' ಎಂದಳು.

ಅವನ ಕೈ ಇನ್ನೂ ಮೇಲೇ ಇತ್ತು. ಅದನ್ನು ಯಾವಾಗ ಇಳಿಸಬೇಕೆಂದು ತಿಳಿಯಲಿಲ್ಲ. ಕ್ವಾಂಟಂನ ಹಿರಿಯ ಬಿಸ್ಕತ್ತು ಕೆಳಗಿಟ್ಟು, 'ಅಬ್ಬಾ, ಸಂತೋಷ ಕಣಮ್ಮ! ಏನೂ ಉತ್ತರ ಬರಲಿಲ್ವಲ್ಲ ಅಂತ ನಾವು ಆಸೆ ಬಿಟ್ಟಿದ್ವಿ' ಎಂದ. ಮುಖ್ಯಸ್ಥರು ಕನ್ನಡಕದ ಮೇಲಿನಿಂದ ಇವನನ್ನು ನೋಡಿದರು. 'ನೀವು ಹೇಳಿದ್ರಿ ತಾನೇ ಇವರಿಗೆ? ನನಗೇನೂ ತಿಳಿಸಲೇ ಇಲ್ಲ.'

ಇಡೀ ಮೇಜು ಅವನ ಕಡೆ ತಿರುಗಿತು. ಈ ವಿಭಾಗದಲ್ಲಿ ಇಷ್ಟು ಜನ ಒಟ್ಟಿಗೆ ಅವನನ್ನು ನೋಡಿದ್ದು ಅದೇ ಮೊದಲಿರಬೇಕು. ಇಲ್ಲ, ಹೇಳಲಿಲ್ಲ ಎಂದರೆ ಮುಗಿಯಿತು. ಎರಡೇ ಮಾತು. ಗಂಟಲು ಒಣಗಿತ್ತು, ಅದು ಹೇಗೆ ಒಣಗುತ್ತದೆ ಎಂಬುದರ ಬಗ್ಗೆ ಇಡೀ ಕೋಣೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

'ಹ್ಞೂಂ' ಎಂದ. 'ಹೇಳಿದ್ದೆ.'

ಅವಳು ಅವನ ಕಡೆ ತಿರುಗಲಿಲ್ಲ. ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಈಗ ಹೇಳುತ್ತಾಳೆ, ಸುಳ್ಳು ಎನ್ನುತ್ತಾಳೆ ಎಂದು ಅವನು ಕಾದ. ಇನ್ನೊಂದು ಕೈಯಿಂದ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

'ಹೇಳಿದ್ರು ಸರ್. ಹೋದ ವಾರಾನೇ ಹೇಳಿದ್ರು' ಎಂದಳು. 'ನಾನೇ ಹಿಂದೆಮುಂದೆ ನೋಡ್ತಿದ್ದೆ. ನಾನು ಹೋದ್ರೆ ಏರಿಯಾ ಹೋಗತ್ತೆ ಅಂದೆ. ಅವರೇ ಬಿಡಲಿಲ್ಲ. ಏರಿಯಾ ಹೋದ್ರೆ ಹೋಗ್ಲಿ, ಅದೇನು ನಮ್ಮಪ್ಪನ ಆಸ್ತೀನಾ, ನಿನ್ನ ಕೆಲಸ ಬೆಳೀಬೇಕು, ಹೋಗು ಅಂದ್ರು.'

ಕನ್ನಡಿಯ ಮುಂದೆ ವಾರವಿಡೀ ಅಭ್ಯಾಸ ಮಾಡಿದರೂ ಇಷ್ಟು ಒಳ್ಳೆಯ ಮಾತು ತನಗೆ ಹೊಳೆದಿರಲಿಲ್ಲವಲ್ಲ ಎಂದು ಅವನಿಗೆ, ಆ ಗಳಿಗೆಯಲ್ಲೂ, ಹೊಟ್ಟೆಕಿಚ್ಚಾಯಿತು. ಮೊದಲು ಚಪ್ಪಾಳೆ ತಟ್ಟಿದ್ದು ಕ್ವಾಂಟಂನವರು. ಆಮೇಲೆ ಕಣದವರು ಕೂಡ ಕಿಟಕಿಯಿಂದ ಕಣ್ಣು ತೆಗೆದು ತಟ್ಟಿದರು. ಮುಖ್ಯಸ್ಥರು ಎದ್ದು ನಿಂತು, ಇಂಥ ದೊಡ್ಡ ಮನಸ್ಸು ಈ ಕಾಲದಲ್ಲಿ ಅಪರೂಪ, ಎಲ್ಲ ಏರಿಯಾದವರೂ ಇದನ್ನು ನೋಡಿ ಕಲಿಯಬೇಕು ಎಂದು ಸಣ್ಣ ಭಾಷಣವನ್ನೇ ಮಾಡಿದರು. ಮಾಡಿ ಕೂತು ಅದೇ ಉಸಿರಿನಲ್ಲಿ, 'ಹಾಗಾದ್ರೆ ಇವರನ್ನ ಇತರೆಗೆ ಹಾಕೋಣ. ನೆಲಮಹಡಿ ಕೋಣೆ ಈ ತಿಂಗಳೇ ಖಾಲಿ ಆಗತ್ತೆ. ಮುಂದಿನದು?' ಎಂದರು. ತೆರೆಯ ಮೇಲಿಂದ ಅವನ ಏರಿಯಾ ಮಾಯವಾಯಿತು. ಅವನು ಕೈ ಇಳಿಸಿದ್ದು ಯಾವಾಗಲೋ, ಅವನಿಗೇ ನೆನಪಿರಲಿಲ್ಲ.

ಮೀಟಿಂಗು ಮುಗಿದ ಮೇಲೆ ಮೆಟ್ಟಿಲಿನ ತಿರುವಿನಲ್ಲಿ ಅವಳು ನಿಂತಿದ್ದಳು. ತನಗಾಗಿ ನಿಂತಿದ್ದಾಳೆಂದು ಗೊತ್ತಾಗಿ ಅವನಿಗೆ ಬೇರೆ ದಾರಿ ಇದ್ದಿದ್ದರೆ ಎನಿಸಿತು. ಇರುವುದೊಂದೇ ಮೆಟ್ಟಿಲು.

'ನಿಂಗೆ ಹೇಗೆ ಗೊತ್ತಾಯ್ತು?' ಎಂದ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದದ್ದು, ಬಂದದ್ದು ಇದು.

'ಸೋಮವಾರ ಕ್ಯಾಂಟೀನಲ್ಲಿ ಕ್ವಾಂಟಂನವರು ಏನಮ್ಮ ತೀರ್ಮಾನ ಮಾಡಿದ್ರಿ ಅಂತ ಕೇಳಿದ್ರು. ನಂಗೆ ತಲೆಬುಡ ಗೊತ್ತಾಗ್ಲಿಲ್ಲ. ನಿಮ್ ಸರ್ ಹೇಳಿಲ್ವಾ ಅಂದ್ರು. ಹೇಳಿದ್ರು, ಇನ್ನೂ ಯೋಚನೆ ಮಾಡ್ತಿದ್ದೀನಿ ಅಂದೆ.'

ಅಂದರೆ ಸೋಮವಾರದಿಂದಲೇ ಅವಳು ಅವನ ಸುಳ್ಳನ್ನು ಹೊತ್ತುಕೊಂಡು ತಿರುಗುತ್ತಿದ್ದಳು, ಅವನು ಅದನ್ನು ಹೇಳುವ ಮೊದಲೇ. ದಿನಾ ಬೆಳಿಗ್ಗೆ ಬಂದು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

'ಮತ್ತೆ ಅಲ್ಲಿ, ಅಷ್ಟು ಜನರ ಮುಂದೆ, ಯಾಕೆ ಹಾಗೆ ಹೇಳಿದೆ?'

'ಇನ್ನೇನು ಹೇಳಲಿ ಸರ್? ನೀವು ನನ್ನ ಮೇಷ್ಟ್ರು.'

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಚೀಲವನ್ನು ಹೆಗಲಿಗೇರಿಸಿ ಎರಡು ಮೆಟ್ಟಿಲು ಇಳಿದು, ನಿಂತು, ತಿರುಗದೆಯೇ ಹೇಳಿದಳು.

'ಹೊಸ ಕಟ್ಟಡ ನಂಗೇನೂ ಬೇಕಿರಲಿಲ್ಲ ಸರ್. ನೀವು ಹೇಳಿದ್ದಿದ್ರೆ ನಾನು ಹೋಗ್ತಿರಲಿಲ್ಲ.'

ಅವಳ ಚಪ್ಪಲಿಯ ಸದ್ದು ಕೆಳಗಿನ ಮಹಡಿ ಮುಟ್ಟಿ, ಹೊರಬಾಗಿಲ ಕಡೆ ತಿರುಗಿ, ನಿಂತಿತು. ಅವನು ಕಂಬಿ ಹಿಡಿದುಕೊಂಡು ಅಲ್ಲೇ ಇದ್ದ. ಮೇಲಿನಿಂದ ಯಾರೋ ಧಡಧಡ ಇಳಿದು ಬಂದರು. ಧೂಮಕೇತು. ಮೀಟಿಂಗಿಗೆ ಬರದವನು ಮೀಟಿಂಗಿನ ಸುದ್ದಿಗೆ ಸರಿಯಾಗಿ ಬಂದಿದ್ದ, ಹಿಂದೆ ನಾಲ್ಕೈದು ಹುಡುಗರು. ಬಂದವನೇ ಅವನ ಎರಡೂ ಕೈಗಳನ್ನು ಹಿಡಿದು ಕುಲುಕಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆತ ಇವನನ್ನು ಬಿರುಕು ಎನ್ನಲಿಲ್ಲ.

'ಸರ್, ಈಗ ತಾನೇ ಕೇಳಿದೆ. ನಮ್ಮಲ್ಲಿ ಯಾರ ಕೈಲೂ ಆಗ್ತಿರಲಿಲ್ಲ ಬಿಡಿ. ಸ್ವಂತ ಏರಿಯಾನೇ ಬಿಟ್ಟುಕೊಟ್ಟು ಶಿಷ್ಯೆನ ಕಳಿಸೋದು ಅಂದ್ರೆ! ಲೇ, ನೋಡ್ಕೊಳ್ರೋ, ಗುರು ಅಂದ್ರೆ ಇವರು.'

ಹುಡುಗರು ನೋಡಿದರು. ಅವರ ಕಣ್ಣಲ್ಲಿ ನಿಜವಾದ ಗೌರವವಿತ್ತು. ಅವನು ಕಂಬಿಯಿಂದ ಕೈ ತೆಗೆದ, ಬೆನ್ನು ನೆಟ್ಟಗೆ ಮಾಡಿಕೊಂಡ.

'ಅದೇನು ಮಹಾ ಬಿಡಿ' ಎಂದ. 'ಹುಡುಗಿ ಮುಂದೆ ಬರಬೇಕಲ್ಲ.'

ಕಣ್ಣಲ್ಲಿ ನೀರೂ ಬಂತು, ಅದೂ ಚೆನ್ನಾಗಿಯೇ ಬಂತು.